ಪದಚರ್ಚೆ: ಮರುಭೂಮಿಯ ‘ಐರನ್‌ವುಡ್’ ನಾಗಸಂಪಿಗೆಯೇ?

ಪ್ರಶ್ನೆ: ಮೆಕ್ಸಿಕೋದ ಸೊನೋರಾ ಮರುಭೂಮಿಯ ಬಗೆಗಿನ ಲೇಖನವೊಂದನ್ನು ಅನುವಾದಿಸುತ್ತಿದ್ದೇನೆ. ಅಲ್ಲಿನ ‘ಸೇರಿ’ ಎಂಬ ಮೂಲನಿವಾಸಿ ಜನ ‘ಐರನ್‌ವುಡ್’ ಎಂಬ ಮರದಲ್ಲಿ ಆಮೆ, ಮೀನು ಕೆತ್ತುತ್ತಾರೆಂದಿದೆ. ‘ನಾಗಸಂಪಿಗೆ’ ಎಂದರೆ ಸರಿಯೇ? ‘ಹಾರ್ಟ್‌ವುಡ್’, ‘ಹಾರ್ಡ್‌ವುಡ್’ಗಳಿಗೆ ಏನು ಬಳಸಲಿ?

ಉತ್ತರ: ನಾಗಸಂಪಿಗೆ ಬೇಡ. ಐರನ್‌ವುಡ್ ಒಂದೇ ಮರದ ಹೆಸರಲ್ಲ, ಕೊಡಲಿಗೆ ಬಗ್ಗದ ಮರ ಕಂಡಲ್ಲೆಲ್ಲ ಇಂಗ್ಲಿಷಿನವರು ಅಂಟಿಸಿದ ಬಿರುದು. ನಾಗಸಂಪಿಗೆಗೂ ಆ ಬಿರುದಿದೆ, ಆದರೆ ಅದು ಮಳೆಕಾಡಿನ ನಿತ್ಯಹಸಿರು ಮರ. ಬರ್ಮಾದ ಐರನ್‌ವುಡ್ ಎಂದರೆ ನಮ್ಮ ಜಂಬೆ. ಆಸ್ಟ್ರೇಲಿಯಾದ ಆಲಿಸ್ ಸ್ಪ್ರಿಂಗ್ಸ್ ಕಡೆಯದು ಜಾಲಿಯ ಬಳಗದ್ದು. ಸೊನೋರಾದ್ದರ ಸಸ್ಯಶಾಸ್ತ್ರೀಯ ಹೆಸರು ಓಲ್ನೆಯಾ ಟೆಸೋಟಾ. ಅವರೆ, ತೊಗರಿಗಳ ಕುಟುಂಬಕ್ಕೆ ಸೇರಿದ್ದು, ಅದರ ಕುಲದಲ್ಲಿ ಇದೊಂದೇ ಪ್ರಭೇದ. ಸ್ಪಾನಿಷಿನಲ್ಲಿ ‘ಪಾಲೊ ಫಿಯೆರೊ’. ಮೊದಲ ಸಲ ‘ಪಾಲೊ ಫಿಯೆರೊ ಎಂಬ ಕಬ್ಬಿಣಮರ’ ಎಂದು ಬರೆದು, ಮುಂದೆ ‘ಕಬ್ಬಿಣಮರ’ ಎಂದರೆ ಸಾಕು.

ಹಾರ್ಟ್‌ವುಡ್ ಎಂದರೆ ಕಾಂಡದ ನಡುವಿನ ಬಲಿತ ಭಾಗ, ಅದಕ್ಕೆ ‘ಚೇಗು’ ಇದೆಯಲ್ಲ! ‘ಹೃದಯಕಾಷ್ಠ’ ಯಾವ ಬಡಗಿಯ ಬಾಯಲ್ಲೂ ಬಾರದು. ಈ ಮರದ ಚೇಗು ಕಡುಕಂದು, ಸುತ್ತಲಿನ ತೆಳು ಪದರ ಮಾಸಲು ಹಳದಿ. ಒಂದು ಘನ ಮೀಟರಿಗೆ ಸುಮಾರು 1,200 ಕಿಲೋ ತೂಗುವುದರಿಂದ ನೀರಿನಲ್ಲಿ ಮುಳುಗುತ್ತದೆ. ಆದರೆ ‘ಹೆವಿ’ ಎಂದಿರುವಲ್ಲಿ ‘ಗಟ್ಟಿ’ ಎಂದು ಹಾಕಬೇಡಿ, ಅವು ಬೇರೆ ಬೇರೆ ಅಳತೆಗಳು. ಗಟ್ಟಿತನ ಅಳೆಯುವ ಜಾಂಕಾ ಪರೀಕ್ಷೆಯಲ್ಲಿ 11.28 ಮಿಲಿಮೀಟರ್ ವ್ಯಾಸದ ಉಕ್ಕಿನ ಗುಂಡು ಮರದೊಳಗೆ ಅರ್ಧ ಹುದುಗಲು ಬೇಕಾದ ಬಲವನ್ನು ಲೆಕ್ಕ ಹಾಕುತ್ತಾರೆ.

‘ಹಾರ್ಡ್‌ವುಡ್’ನಲ್ಲಿ ಎಡವುವವರೇ ಹೆಚ್ಚು. ಸಸ್ಯಶಾಸ್ತ್ರದಲ್ಲಿ ಅದಕ್ಕೆ ಅಗಲ ಎಲೆಯ, ಹೂಬಿಡುವ ಮರಗಳ ಮೋಪು ಎಂದರ್ಥ. ಉಗುರಿಗೇ ತಗ್ಗುವ ಬಾಲ್ಸಾ ಎಂಬ ಮೆದು ಮರ ಕೂಡ ಹಾರ್ಡ್‌ವುಡ್ಡೇ. ಅಲ್ಲಿ ‘ಗಟ್ಟಿಮರ’ ಎಂದರೆ ವಾಕ್ಯವೇ ತಪ್ಪುತ್ತದೆ, ‘ಅಗಲ ಎಲೆ ಮರದ ಮೋಪು’ ಎನ್ನಿ.

ಇನ್ನೊಂದು ಉತ್ತರ: ಲೇಖನದಲ್ಲಿ ‘ಡೆಡ್ ವುಡ್’ ಬಂದಿದ್ದರೆ ‘ಒಣಮರ’ ಎನ್ನಿ. ‘ಮರ ಕಡಿದು ಕೆತ್ತಿದರು’ ಎಂದು ಹಿಗ್ಗಿಸಬೇಡಿ. ಹಸಿಮರ ಒಣಗುವಾಗ ಬಿರುಕು ಬಿಡುತ್ತದೆ. ಸೇರಿ ಕೆತ್ತನೆಗಾರರು ಆಯ್ದುಕೊಳ್ಳುವುದು ತಾನಾಗಿ ಒಣಗಿ ನಿಂತ, ಬಿದ್ದ ಮರವನ್ನೇ. ಮಚ್ಚಿನಿಂದ ಆಕಾರ ತೆಗೆದು, ಅರ ಹಾಕಿ, ಉಪ್ಪುಕಾಗದದಿಂದ ಉಜ್ಜಿ, ಕೊನೆಗೆ ಬೂಟ್ ಪಾಲಿಷ್ ಹಚ್ಚುವುದುಂಟು. ‘ಷೂ ಪಾಲಿಷ್’ ಕಂಡರೆ ಅಚ್ಚುದೋಷವೆಂದು ತಿದ್ದಬೇಡಿ.

ಬಯಲುಸೀಮೆಯ ಕಮರವೂ ಬಲು ಭಾರದ ಮರವೇ. ಓದುಗರಿಗೆ ಅಂದಾಜು ಸಿಗಲೆಂದು ಅಡಿಟಿಪ್ಪಣಿಯಲ್ಲಿ ಹೋಲಿಸಬಹುದು, ಅನುವಾದದೊಳಗೆ ತರುವಂತಿಲ್ಲ.