ಕೇರಿ ಪಕ್ಕದ ಹಳ್ಳ ಕೆಟ್ಟಿದೆ, ಸರ್ಕಾರದ ಹಣ ಯಾವ ಕಚೇರಿಯಲ್ಲಿ ಸಿಗುತ್ತದೆ? ಅನುಭವ ಇದ್ದವರು ಹೇಳಿ

ಕೇಳಿದವರು, ಮುಧೋಳ ತಾಲ್ಲೂಕು:

ಎಲ್ಲರಿಗೂ ನಮಸ್ಕಾರ್ರಿ. ನಮ್ಮ ಕೇರಿಯಲ್ಲಿ ಅರವತ್ತು ಮನೆ, ಎಲ್ಲ ಪರಿಶಿಷ್ಟ ಜಾತಿಯವರೇ. ಒಂದು ಕಡೆ ಹಳ್ಳ, ಇನ್ನೊಂದು ಕಡೆ ಸುಣ್ಣಕಲ್ಲಿನ ಗಣಿಗೆ ಹೋಗುವ ಟಿಪ್ಪರ್ ರಸ್ತೆ. ಕಬ್ಬು ನುರಿಸುವ ಹಂಗಾಮು ಶುರುವಾದರೆ ಸಾಕು, ಹಳ್ಳದ ನೀರು ಚಹಾದ ಬಣ್ಣಕ್ಕೆ ತಿರುಗುತ್ತದೆ. ಬೋರಿನ ನೀರಿಗೂ ಅದೇ ವಾಸನೆ. ಬೆಳಿಗ್ಗೆ ಒಗೆದು ಹಾಕಿದ ಬಟ್ಟೆ ಸಂಜೆಗೆ ಧೂಳು ಹಿಡಿದಿರುತ್ತದೆ. ಮೇಲಿನ ಓಣಿಗೆ ನಳದ ನೀರು ಬಂದು ಎರಡು ವರ್ಷ ಆಯಿತು. ನಮಗೆ ಪೈಪ್ ಬಂದಿದೆ, ನೀರು ಬಂದಿಲ್ಲ.

ನಮ್ಮ ಹುಡುಗನೊಬ್ಬ ಮೊಬೈಲಿನಲ್ಲಿ ಓದಿ, ಹೊರದೇಶದಲ್ಲಿ ‘ಪರಿಸರ ನ್ಯಾಯ’ ಅಂತ ಇಂಥ ಕೇರಿಗಳಿಗೆ ಸರ್ಕಾರವೇ ಹಣ ಇಡುತ್ತದೆ ಎಂದ. ನಮ್ಮಲ್ಲೂ ಇದೆಯಾ? ಇದ್ದರೆ ಯಾವ ಕಚೇರಿ? ಸುಮ್ನೆ ಅಲೆದು ಕೂಲಿ ಕಳೆದುಕೊಳ್ಳುವಂತೆ ಆಗಬಾರದು, ಅದಕ್ಕೆ ಕೇಳುತ್ತಿದ್ದೇನೆ.

ಲೋಕಾಪುರ ಕಡೆಯವರು:

ಅಣ್ಣಾರೆ, ಆ ಹೆಸರು ಹಿಡಿದುಕೊಂಡು ನಾನೂ ಒಂದು ವರ್ಷ ಕಳೆದೆ. ‘ನಮ್ಮ ಓಣಿಗೆ ಪರಿಸರ ನ್ಯಾಯ ಒದಗಿಸಬೇಕು’ ಅಂತ ಎರಡು ಪುಟ ಬರೆದು ಕೊಟ್ಟೆ. ಧೂಳು, ನೀರು, ಗಟಾರ, ರಸ್ತೆ ಎಲ್ಲ ಅದರಲ್ಲೇ. ಆ ಅರ್ಜಿ ನಾಲ್ಕು ಟೇಬಲ್ ಸುತ್ತಿತು. ಪ್ರತಿ ಟೇಬಲಿನವರೂ ‘ಇದು ನಮ್ಮದಲ್ಲ’ ಎಂದು ಬರೆದರು. ಅವರನ್ನ ಬೈದು ಉಪಯೋಗ ಇಲ್ಲ. ಆ ಹೆಸರಿನ ಲೆಕ್ಕ ಶೀರ್ಷಿಕೆಯೇ ನಮ್ಮ ಸರ್ಕಾರದಲ್ಲಿ ಇಲ್ಲ. ಹಣ ಇದೆ, ಬೇರೆ ಬೇರೆ ಹೆಸರಿನಲ್ಲಿ ಬೇರೆ ಬೇರೆ ಪೆಟ್ಟಿಗೆಯಲ್ಲಿ ಇದೆ.

ನಮಗೆ ಕೆಲಸಕ್ಕೆ ಬಂದದ್ದು ಡಿಎಂಎಫ್, ಅಂದರೆ ಜಿಲ್ಲಾ ಖನಿಜ ಪ್ರತಿಷ್ಠಾನದ ನಿಧಿ. 2015ರಲ್ಲಿ ಗಣಿ ಕಾಯ್ದೆ ತಿದ್ದುಪಡಿ ಮಾಡಿ ತಂದದ್ದು. ಗಣಿಯವರು ಸರ್ಕಾರಕ್ಕೆ ರಾಜಧನ ಕಟ್ಟುತ್ತಾರಲ್ಲ, ಅದರ ಮೇಲೆ ಇನ್ನೊಂದು ಪಾಲು ಈ ನಿಧಿಗೆ ಕಟ್ಟಬೇಕು. ಹಳೇ ಗುತ್ತಿಗೆಯಾದರೆ ರಾಜಧನದ ಶೇ. 30, ಆಮೇಲೆ ಹರಾಜಿನಲ್ಲಿ ಹೋದದ್ದಾದರೆ ಶೇ. 10. ಗಣಿಯಿಂದ ತೊಂದರೆ ಅನುಭವಿಸುವ ಜನರಿಗಾಗಿಯೇ ಇಟ್ಟ ದುಡ್ಡು ಇದು. 2024ರ ಹೊಸ ಮಾರ್ಗಸೂಚಿ ಪ್ರಕಾರ ಗಣಿಯಿಂದ 15 ಕಿ.ಮೀ. ಒಳಗಿನ ಊರು ನೇರ ಬಾಧಿತ, 25 ಕಿ.ಮೀ.ವರೆಗೆ ಪರೋಕ್ಷ ಬಾಧಿತ. ಕನಿಷ್ಠ ಶೇ. 70ರಷ್ಟು ಹಣ ಕುಡಿಯುವ ನೀರು, ಮಾಲಿನ್ಯ ತಡೆ, ಆರೋಗ್ಯ, ಶಿಕ್ಷಣ, ನೈರ್ಮಲ್ಯ ಇಂಥದ್ದಕ್ಕೇ ಹೋಗಬೇಕು.

ನೀವು ಟಿಪ್ಪರ್ ರಸ್ತೆ ಪಕ್ಕದಲ್ಲೇ ಇದ್ದೀರಿ ಎಂದರೆ 15 ಕಿ.ಮೀ. ಒಳಗೇ ಇರಬೇಕು, ಅಲ್ವಾ? ಆದರೂ ಬಾಯಿಮಾತಿನಲ್ಲಿ ಹೇಳಬೇಡಿ. ಬಾಗಲಕೋಟೆ ನವನಗರಕ್ಕೆ ಹೋಗಿ ಗಣಿ ಮತ್ತು ಭೂವಿಜ್ಞಾನ ಇಲಾಖೆಯಲ್ಲಿ ಬಾಧಿತ ಊರುಗಳ ಪಟ್ಟಿ ಕೇಳಿ. ನಮ್ಮ ಊರಿನ ಹೆಸರು ಆ ಪಟ್ಟಿಯಲ್ಲಿ ಇತ್ತು, ನಮ್ಮ ಪಂಚಾಯಿತಿಯಲ್ಲಿ ಒಬ್ಬರಿಗೂ ಗೊತ್ತಿರಲಿಲ್ಲ!

ಎರಡನೇ ಸಲ ಮೂರು ಅರ್ಜಿ ಮಾಡಿದೆ. ಒಂದರಲ್ಲಿ ನೀರಿನ ಘಟಕ ಮಾತ್ರ. ಇನ್ನೊಂದರಲ್ಲಿ ಶಾಲೆಯಿಂದ ಕೇರಿ ತುದಿವರೆಗೆ ಸಿಸಿ ರಸ್ತೆ ಮತ್ತು ಗಿಡ. ಮೂರನೆಯದು ಅಂಗನವಾಡಿ ರಿಪೇರಿ. ಪ್ರತಿಯೊಂದಕ್ಕೂ ಗ್ರಾಮಸಭೆ ಠರಾವಿನ ಪ್ರತಿ, ಎರಡು ಫೋಟೊ. ನೀರಿನ ಘಟಕ ಮಂಜೂರಾಯಿತು, ಅಂಗನವಾಡಿಯೂ ಆಯಿತು. ರಸ್ತೆ ಇನ್ನೂ ಕಾಗದದಲ್ಲೇ ಇದೆ.

ಇನ್ನೊಂದು ಮಾತು. ಅರ್ಜಿ ಕೊಡುವಾಗ ಎರಡು ಪ್ರತಿ ಒಯ್ಯಿರಿ. ನಿಮ್ಮ ಪ್ರತಿಯ ಮೇಲೆ ಟಪಾಲು ವಿಭಾಗದ ಮೊಹರು, ನಂಬರು, ತಾರೀಖು ಬೀಳಲೇಬೇಕು. ‘ನಾಳೆ ಬನ್ನಿ, ಸಾಹೇಬರಿಲ್ಲ’ ಎಂದರೆ ಅಲ್ಲೇ ಕುಳಿತುಕೊಳ್ಳಿ. ಮೊಹರು ಹಾಕುವವರಿಗೆ ಸಾಹೇಬರು ಬೇಕಿಲ್ಲ. ಎರಡು ತಿಂಗಳಾದರೂ ಸುದ್ದಿ ಇಲ್ಲದಿದ್ದರೆ ಮಾಹಿತಿ ಹಕ್ಕಿನಲ್ಲಿ ಆ ನಂಬರು ಹಾಕಿ ಕೇಳಿ. ಹತ್ತು ರೂಪಾಯಿ ಪೋಸ್ಟಲ್ ಆರ್ಡರ್, 30 ದಿನದಲ್ಲಿ ಉತ್ತರ ಕೊಡಬೇಕು. ಬಿಪಿಎಲ್ ಕಾರ್ಡಿನ ಜೆರಾಕ್ಸ್ ಹಚ್ಚಿದರೆ ಆ ಹತ್ತು ರೂಪಾಯಿಯೂ ಬೇಡ. ನಮ್ಮ ರಾಜ್ಯದ ನಿಯಮದಲ್ಲಿ ಅರ್ಜಿ ಒಂದೇ ವಿಷಯದ್ದಿರಬೇಕು, 150 ಪದ ದಾಟಬಾರದು. ನನ್ನದು ಮೊದಲ ಸಲ ಇದೇ ಕಾರಣಕ್ಕೆ ವಾಪಸ್ ಬಂತು. ಸಿಟ್ಟು ಬಂದಾಗ ಬರೆದದ್ದು, ಉದ್ದ ಆಗಿತ್ತು.

ಜಮಖಂಡಿ ತಾಲ್ಲೂಕಿನ ಒಬ್ಬ ಆಶಾ ಕಾರ್ಯಕರ್ತೆ:

ತಮ್ಮಾ, ಅರ್ಜಿಗಿಂತ ಮೊದಲು ನೀರು ಪರೀಕ್ಷೆ ಮಾಡಿಸು. ‘ವಾಸನೆ ಬರುತ್ತದೆ’ ಅಂದರೆ ಯಾರೂ ಕೇಳುವುದಿಲ್ಲ. ರಿಪೋರ್ಟಿನಲ್ಲಿ ಒಂದು ಅಂಕಿ ಕೆಂಪಾಗಿದ್ದರೆ ಕೇಳುತ್ತಾರೆ.

ಜಲಜೀವನ್ ಮಿಷನ್, ಅಂದರೆ ಮನೆಮನೆಗೆ ನಳದ ನೀರು ಕೊಡುವ ಯೋಜನೆಯಲ್ಲಿ ಪ್ರತಿ ಹಳ್ಳಿಯ ಐದು ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸಬೇಕು, ಕಿಟ್ ಕೊಡಬೇಕು ಅಂತ ಇದೆ. ನಿಮ್ಮ ಪಂಚಾಯಿತಿಯ ಕಿಟ್ ಎಲ್ಲಿದೆ ಕೇಳು. ನಮ್ಮಲ್ಲಿ ಅದು ಬೀರುವಿನ ಮೇಲೆ ಪ್ಲಾಸ್ಟಿಕ್ ಸಮೇತ ಕುಳಿತಿತ್ತು. ಕಿಟ್‌ನಲ್ಲಿ ಬಣ್ಣ ಬದಲಾದರೆ ಆಮೇಲೆ ಜಿಲ್ಲಾ ಪ್ರಯೋಗಾಲಯಕ್ಕೆ ಕಳಿಸು.

ಬಾಟಲಿ ತುಂಬುವುದರಲ್ಲೇ ಎಲ್ಲರೂ ತಪ್ಪುತ್ತಾರೆ, ನಾನೂ ತಪ್ಪಿದ್ದೇನೆ. ಎರಡು ಬಾಟಲಿ ಬೇಕು. ಲವಣ, ಫ್ಲೋರೈಡ್ ನೋಡಲು ಸ್ವಚ್ಛ ಪ್ಲಾಸ್ಟಿಕ್ ಬಾಟಲಿ ಸಾಕು, ಅದೇ ಬೋರಿನ ನೀರಿನಿಂದ ಮೂರು ಸಲ ಅಲ್ಲಾಡಿಸಿ ತೊಳೆದು ತುಂಬು. ಕ್ರಿಮಿ ನೋಡುವ ಬಾಟಲಿಯನ್ನ ಪ್ರಯೋಗಾಲಯದವರೇ ಕೊಡುತ್ತಾರೆ. ಅದನ್ನ ತೊಳೆಯಬಾರದು, ಮುಚ್ಚಳದ ಒಳಗೆ ಬೆರಳು ತಾಗಿಸಬಾರದು. ಬೋರು ಐದು ನಿಮಿಷ ಓಡಿದ ಮೇಲೆ ಹಿಡಿ. ಐಸ್ ಇಟ್ಟು ಅವತ್ತೇ ಮುಟ್ಟಿಸು. ನಾನು ಮೊದಲ ಸಲ ತಂಪು ಪಾನೀಯದ ಹಳೇ ಬಾಟಲಿಯಲ್ಲಿ ಒಯ್ದೆ. ಅವರು ಮೂಸಿ ನೋಡಿ ‘ಅಕ್ಕಾರೆ, ಇದರಲ್ಲಿ ಸಕ್ಕರೆನೂ ಬರುತ್ತೆ’ ಎಂದು ನಕ್ಕು ವಾಪಸ್ ಕೊಟ್ಟರು.

ರಿಪೋರ್ಟಿನಲ್ಲಿ ನೋಡಬೇಕಾದದ್ದು: ಫ್ಲೋರೈಡ್ ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು, ನೈಟ್ರೇಟ್ 45 ದಾಟಬಾರದು, ಕರಗಿದ ಲವಣ 2000 ದಾಟಬಾರದು. ನಮ್ಮ ಜಿಲ್ಲೆ, ವಿಜಯಪುರ ಜಿಲ್ಲೆ ಎರಡರಲ್ಲೂ ಫ್ಲೋರೈಡ್ ಮೊದಲಿಂದಲೇ ಇದೆ, ಅದನ್ನ ಕಾರ್ಖಾನೆ ಲೆಕ್ಕಕ್ಕೆ ಹಾಕಬೇಡ. ಹಂಗಾಮಿಗೆ ಮೊದಲು ಒಂದು ಸಲ, ಜನವರಿಯಲ್ಲಿ ಒಂದು ಸಲ ಮಾಡಿಸಿದರೆ ಯಾವುದು ಭೂಮಿಯದು, ಯಾವುದು ಹಳ್ಳದ್ದು ಅಂತ ತಿಳಿಯುತ್ತದೆ.

ನಳದ ವಿಷಯ: ತಲೆಗೆ ದಿನಕ್ಕೆ 55 ಲೀಟರ್ ಕೊಡಬೇಕು ಅಂತಲೇ ಆ ಯೋಜನೆ. ಊರೊಳಗಿನ ಕೆಲಸದ ಖರ್ಚಿನಲ್ಲಿ ಶೇ. 10 ಊರಿನವರು ಹಾಕಬೇಕು. ಪರಿಶಿಷ್ಟರು ಅರ್ಧಕ್ಕಿಂತ ಜಾಸ್ತಿ ಇರುವ ಊರಾದರೆ ಶೇ. 5 ಸಾಕು. ದುಡ್ಡಿಲ್ಲದಿದ್ದರೆ ಕೂಲಿ ರೂಪದಲ್ಲೂ ಕೊಡಬಹುದು. ‘ವಂತಿಗೆ ಕಟ್ಟಿಲ್ಲ, ಅದಕ್ಕೇ ನೀರಿಲ್ಲ’ ಅಂತ ಯಾರಾದರೂ ಅಂದರೆ ಇದನ್ನ ಹೇಳು.

ಲೋಕಾಪುರ ಕಡೆಯವರು:

ಅಕ್ಕಾರೆ ಹೇಳಿದ ಎರಡು ಸಲದ ಪರೀಕ್ಷೆ ನನಗೆ ಹೊಳೆದಿರಲಿಲ್ಲ. ನಮ್ಮದು ಒಂದೇ ಸಲ ಮಾಡಿಸಿದ್ದೆವು. ‘ಇಲ್ಲಿನ ನೀರೇ ಹೀಗೆ’ ಅಂದುಬಿಟ್ಟರು.

ಬಾಗಲಕೋಟೆ, ಹಿಂದೆ ಪಂಚಾಯಿತಿ ಸದಸ್ಯನಾಗಿದ್ದವನು:

ಎಸ್‌ಸಿಎಸ್‌ಪಿ, ಅಂದರೆ ಪರಿಶಿಷ್ಟ ಜಾತಿ ಉಪಯೋಜನೆ ಬಗ್ಗೆ ಯಾರೂ ಹೇಳಲಿಲ್ಲವಲ್ಲ. 2013ರ ಕಾಯ್ದೆ ಪ್ರಕಾರ ರಾಜ್ಯದ ಅಭಿವೃದ್ಧಿ ಹಣದಲ್ಲಿ ಶೇ. 24.1 ಪರಿಶಿಷ್ಟ ಜಾತಿ, ಪಂಗಡಗಳಿಗೆ ಮೀಸಲು. ಮೊದಲು ಈ ಕಾಯ್ದೆಯಲ್ಲಿ ಕಲಂ 7ಡಿ ಅಂತ ಒಂದು ಕಿಂಡಿ ಇತ್ತು. ಊರಿಗೆಲ್ಲ ಆಗುವ ಕೆಲಸದ ಖರ್ಚನ್ನೂ ಪರಿಶಿಷ್ಟರ ಲೆಕ್ಕದಲ್ಲಿ ತೋರಿಸಲು ಬರುತ್ತಿತ್ತು. 2023ರಲ್ಲಿ ಅದನ್ನ ತೆಗೆದರು. ಹಾಗಾಗಿ ಗಟಾರ, ಸಿಸಿ ರಸ್ತೆ, ನೀರಿನ ಕೆಲಸ ಕೇರಿಯಲ್ಲೇ ಆಗಬೇಕು ಅಂತ ಈಗ ಗಟ್ಟಿಯಾಗಿ ಕೇಳಬಹುದು. ತಾಲ್ಲೂಕಿನ ಸಮಾಜ ಕಲ್ಯಾಣ ಕಚೇರಿಗೆ ಹೋಗಿ ಪ್ರಗತಿ ಕಾಲೋನಿ ಯೋಜನೆ ಕೇಳಿ. ಊರಲ್ಲಿ ಪರಿಶಿಷ್ಟ ಜಾತಿಯವರು ಜಾಸ್ತಿ ಇದ್ದರೆ ಪರಿಶಿಷ್ಟ ಜಾತಿಯವರಿಗಾಗಿ ಇರುವ ಕೇಂದ್ರದ ಪಿಎಂ-ಅಜಯ್ ಯೋಜನೆಯ ಆದರ್ಶ ಗ್ರಾಮಕ್ಕೆ ಬರುತ್ತದಾ ನೋಡಿಸಿ.

ಸಣ್ಣ ಗಟಾರಕ್ಕೆ ಅಷ್ಟು ದೂರ ಹೋಗಬೇಕಿಲ್ಲ. 15ನೇ ಹಣಕಾಸು ಆಯೋಗದ ಅನುದಾನ ಪಂಚಾಯಿತಿಗೆ ಬರುತ್ತಿದ್ದಾಗ ಅದರಲ್ಲಿ ಶೇ. 60 ನೀರು, ನೈರ್ಮಲ್ಯಕ್ಕೇ ಕಟ್ಟಿಹಾಕಿದ್ದು. ನಾನು ಸದಸ್ಯನಾಗಿದ್ದಾಗ ನಮ್ಮ ಕೇರಿ ಗಟಾರ ಅದರಲ್ಲೇ ಮಾಡಿಸಿದೆ. ಕ್ರಿಯಾ ಯೋಜನೆ ಬರೆಯುವ ಹೊತ್ತಿಗೆ ನೀವು ಪಂಚಾಯಿತಿಯಲ್ಲಿ ಇರಬೇಕು, ಅಷ್ಟೇ. ಯೋಜನೆ ಬರೆದು ಮುಗಿದ ಮೇಲೆ ಹೋದರೆ ‘ಮುಂದಿನ ವರ್ಷ’ ಅನ್ನುತ್ತಾರೆ. ನಾನೂ ಹಾಗೇ ಅನ್ನುತ್ತಿದ್ದೆ.

ಇಳಕಲ್ಲಿನಿಂದ:

ಎಲ್ಲ ಓದಿದೆ. ಒಂದು ಮಾತು ಹೇಳಲೇಬೇಕು. ನೀರಿನ ಘಟಕ ಬಂತು, ಅಂಗನವಾಡಿ ಬಂತು, ಸಂತೋಷ. ಧೂಳು ನಿಂತಿತಾ? ನಮ್ಮಪ್ಪ ಇಪ್ಪತ್ತು ವರ್ಷ ಗ್ರಾನೈಟ್ ಕೊರೆದವರು. ಈಗ ಮಂಚದಿಂದ ಬಚ್ಚಲಿಗೆ ಹೋಗುವಷ್ಟರಲ್ಲಿ ಎರಡು ಸಲ ಕುಳಿತು ಉಸಿರು ತೆಗೆದುಕೊಳ್ಳುತ್ತಾರೆ. ಒಂದು ಆಸ್ಪತ್ರೆಯಲ್ಲಿ ಟಿಬಿ ಅಂತ ಎಂಟು ತಿಂಗಳು ಗುಳಿಗೆ ಕೊಟ್ಟರು. ಆಮೇಲೆ ಬೇರೆ ಕಡೆ ಎಕ್ಸ್‌ರೇ ತೆಗೆದಾಗ ಸಿಲಿಕೋಸಿಸ್, ಅಂದರೆ ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ಕಾಯಿಲೆ ಅಂದರು. ಇದು ಮೊದಲು 1923ರ ನೌಕರರ ಪರಿಹಾರ ಕಾಯ್ದೆಯ ಪಟ್ಟಿಯಲ್ಲಿ ಇತ್ತು, 2025ರ ನವೆಂಬರ್‌ನಿಂದ ಅದರ ಬದಲು ಬಂದ ಸಾಮಾಜಿಕ ಭದ್ರತಾ ಸಂಹಿತೆಯ ಪಟ್ಟಿಯಲ್ಲೂ ಇದೆ, ಪರಿಹಾರ ಕೇಳಬಹುದು. ಆದರೆ ಅಲ್ಲಿ ಕೆಲಸ ಮಾಡಿದ್ದಕ್ಕೆ ಚೀಟಿ ಬೇಕು. ನಮ್ಮಪ್ಪನ ಹತ್ತಿರ ಒಂದು ಚೀಟಿಯೂ ಇಲ್ಲ. ನಿಮ್ಮ ಕೇರಿಯಲ್ಲಿ ಗಣಿಗೆ, ಕ್ರಷರ್‌ಗೆ ಹೋಗುವವರಿದ್ದರೆ ಹಾಜರಿ ಚೀಟಿ, ಪಗಾರದ ಲಕೋಟೆ ಏನಿದ್ದರೂ ಇಟ್ಟುಕೊಳ್ಳಲು ಹೇಳಿ. ಇವತ್ತಿನಿಂದಲೇ.

ಬೆಳಗಾವಿಯಿಂದ, ವಕೀಲಿಕೆ ಮಾಡುವವಳು:

ಇಳಕಲ್ಲಿನವರು ಕೇಳಿದ್ದು ಸರಿ. ಅನುದಾನದಿಂದ ಸಿಗುವುದು ಮುಲಾಮು. ಗಾಯ ಮಾಡುವುದನ್ನ ನಿಲ್ಲಿಸುವ ದಾರಿ ಬೇರೆ, ಎರಡನ್ನೂ ಜೊತೆಗೇ ಹಿಡಿಯಿರಿ.

ಮೊದಲು ಮಾಲಿನ್ಯ ನಿಯಂತ್ರಣ ಮಂಡಳಿಯ ಪ್ರಾದೇಶಿಕ ಕಚೇರಿಗೆ ಲಿಖಿತ ದೂರು. ಹಳ್ಳದ ಬಣ್ಣ ಬದಲಾದ ದಿನವೇ ಕೊಡಿ, ತಾರೀಖು, ಹೊತ್ತು, ಜಾಗ ಬರೆದು. ನೀವು ತುಂಬಿದ ಬಾಟಲಿ ಅವರನ್ನ ಕರೆಸಲು ಸಾಕು, ಮೊಕದ್ದಮೆಗೆ ಸಾಲದು. 1974ರ ಜಲ ಕಾಯ್ದೆ ಪ್ರಕಾರ ಅದಕ್ಕೆ ಮಂಡಳಿಯವರೇ ಕ್ರಮವಾಗಿ, ಕಾರ್ಖಾನೆಯವರಿಗೆ ನೋಟಿಸ್ ಕೊಟ್ಟು ಮಾದರಿ ತೆಗೆಯಬೇಕು. ಹೊಲಸು ನೀರು ಬಿಡುವುದು ರಾತ್ರಿಯಾದರೆ ದೂರಿನಲ್ಲೂ ರಾತ್ರಿ ಎಂದೇ ಬರೆಯಿರಿ.

ಆಮೇಲೆ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ, ಪರಿಸರದ ದಾವೆಗಳಿಗೆಂದೇ ಇರುವುದು. ನಮಗೆ ಚೆನ್ನೈ ಪೀಠ. ಇಲ್ಲಿ ತಾರೀಖು ಮುಖ್ಯ. ಮಾಲಿನ್ಯ ನಿಲ್ಲಿಸಿ ಎಂದು ಕೇಳಲು ಆರು ತಿಂಗಳು, ಪರಿಹಾರ ಕೇಳಲು ಐದು ವರ್ಷ. ಎರಡಕ್ಕೂ ಕಾರಣ ಕೊಟ್ಟರೆ 60 ದಿನ ಹೆಚ್ಚಿಗೆ ಸಿಗಬಹುದು. ಪರಿಹಾರ ಕೇಳಿದರೆ ಆ ಮೊತ್ತದ ಶೇ. 1 ಶುಲ್ಕ, ಬಡತನ ರೇಖೆಗಿಂತ ಕೆಳಗಿನವರಿಗೆ ಅದೂ ಇಲ್ಲ. ಚೆನ್ನೈ ಅಂತ ಹೆದರಬೇಡಿ. ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಕಾನೂನು ಸೇವಾ ಪ್ರಾಧಿಕಾರ ಇರುತ್ತದೆ. ಪರಿಶಿಷ್ಟರಿಗೆ, ಹೆಂಗಸರಿಗೆ ಆದಾಯ ಎಷ್ಟೇ ಇದ್ದರೂ ವಕೀಲರು ಪುಕ್ಕಟೆ. ಫೋನ್ 15100.

ಜನ ತಪ್ಪು ತಿಳಿಯುವುದೊಂದಿದೆ. ಕಾರ್ಖಾನೆಗೆ ದಂಡ ಬಿದ್ದರೆ ಆ ದುಡ್ಡು ತಾನಾಗಿ ಕೇರಿಗೆ ಬರುವುದಿಲ್ಲ. ನಿಮ್ಮ ನಷ್ಟವನ್ನ ನೀವೇ ಹೆಸರು ಹೆಸರಾಗಿ ಕೇಳಬೇಕು: ಯಾರ ಎಮ್ಮೆ, ಯಾವ ಬೋರು, ಎಷ್ಟು ಆಸ್ಪತ್ರೆ ಖರ್ಚು.

ಕಾರ್ಖಾನೆ ದೊಡ್ಡದು ಮಾಡಲು ಹೊರಟರೆ ಡಿಸಿ ಅಥವಾ ಅವರು ಕಳಿಸಿದವರ ಅಧ್ಯಕ್ಷತೆಯಲ್ಲಿ ಸಾರ್ವಜನಿಕ ಅಹವಾಲು ಸಭೆ ಆಗುವುದುಂಟು. 30 ದಿನ ಮೊದಲೇ ಪೇಪರಿನಲ್ಲಿ ಬರಬೇಕು. ಅಲ್ಲಿ ಮಾತನಾಡಿದ್ದು ನಡಾವಳಿಯಲ್ಲಿ ದಾಖಲಾಗುತ್ತದೆ. ಊಟದ ವ್ಯವಸ್ಥೆ ಚೆನ್ನಾಗಿರುತ್ತದೆ. ಊಟ ಮಾಡಿ, ಆದರೆ ಮಾತಾಡದೇ ಬರಬೇಡಿ.

ವಿಜಯಪುರದಿಂದ:

ಯಾವುದರ ಹಿಂದೆ ಓಡಬಾರದು ಅಂತ ನಾನು ಹೇಳುತ್ತೇನೆ, ಓಡಿ ದಣಿದವನು. ಕಲ್ಯಾಣ ಕರ್ನಾಟಕ ಮಂಡಳಿಯ ಹಣ ಬಾಗಲಕೋಟೆ, ವಿಜಯಪುರ, ಬೆಳಗಾವಿ ಮೂರೂ ಜಿಲ್ಲೆಗೆ ಇಲ್ಲ, ನಾವು ಕಿತ್ತೂರು ಕರ್ನಾಟಕ. ಶುದ್ಧ ಗಾಳಿ ಯೋಜನೆ ಅಂತ ಕೇಂದ್ರದ್ದೊಂದಿದೆ. ರಾಜ್ಯದಲ್ಲಿ ಅದು ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ, ಕಲಬುರಗಿಗೆ ಮಾತ್ರ. ಸಿಎಸ್‌ಆರ್, ಅಂದರೆ ಕಂಪನಿಗಳು ಲಾಭದಲ್ಲಿ ಸಮಾಜದ ಕೆಲಸಕ್ಕೆ ಕೊಡುವ ಹಣ, ಕೇಳಲು ಹೋಗುವ ಮೊದಲು ಕಾರ್ಖಾನೆ ಕಂಪನಿಯೋ ಸಹಕಾರಿಯೋ ನೋಡಿ. ಶೇ. 2 ಕೊಡಬೇಕೆಂಬ ಕಾನೂನು ಕಂಪನಿಗಳಿಗೆ ಮಾತ್ರ, ಅದೂ ದೊಡ್ಡವಕ್ಕೆ. ನಾನು ಸಹಕಾರಿ ಕಾರ್ಖಾನೆಯೊಂದಕ್ಕೆ ಹೋಗಿ ಕಾನೂನು ಹೇಳಿ ನಗೆಪಾಟಲಾದೆ.

ಕೇಳಿದವರು:

ಎಲ್ಲರಿಗೂ ಶರಣು. ಇವತ್ತು ಪಂಚಾಯಿತಿಗೆ ಹೋಗಿದ್ದೆ. ಕಿಟ್ ಇದೆ, ನಮ್ಮಲ್ಲೂ ಬೀರುವಿನ ಮೇಲೇ! ಕೇರಿಯ ಇಬ್ಬರು ಹೆಣ್ಣುಮಕ್ಕಳು ಕಲಿಯುತ್ತೇವೆ ಎಂದಿದ್ದಾರೆ. ಅರ್ಜಿಯನ್ನ ನೀರು, ಗಟಾರ, ಧೂಳು ಅಂತ ಮೂರು ಮಾಡಿದ್ದೇನೆ. ಒಂದು ಅನುಮಾನ. ಗ್ರಾಮಸಭೆ ಠರಾವಿನಲ್ಲಿ ಕಾರ್ಖಾನೆ ಹೆಸರು ಹಾಕಬೇಡಿ ಅನ್ನುತ್ತಿದ್ದಾರೆ, ಮೇಲಿನ ಓಣಿಯ ಹುಡುಗರು ಅಲ್ಲೇ ಕೆಲಸಕ್ಕಿದ್ದಾರೆ. ಏನು ಮಾಡಲಿ?

ಬೆಳಗಾವಿಯಿಂದ, ವಕೀಲಿಕೆ ಮಾಡುವವಳು:

ಠರಾವಿನಲ್ಲಿ ಹೆಸರು ಬೇಡ. ‘ಕೇರಿಯ ಬೋರಿನ ನೀರು ಕುಡಿಯಲು ಯೋಗ್ಯವಲ್ಲ, ವರದಿ ಲಗತ್ತಿಸಿದೆ, ಬೇರೆ ಮೂಲದಿಂದ ನೀರು ಕೊಡಬೇಕು’ ಅಂತ ಬರೆಸಿ. ಅದಕ್ಕೆ ಮೇಲಿನ ಓಣಿಯವರೂ ಸಹಿ ಹಾಕುತ್ತಾರೆ. ಹೆಸರು ಹಾಕಬೇಕಾದದ್ದು ಮಂಡಳಿಗೆ ಕೊಡುವ ದೂರಿನಲ್ಲಿ. ಅದಕ್ಕೆ ಊರಿನ ಸಹಿ ಬೇಕಿಲ್ಲ, ನಿಮ್ಮ ಕೇರಿಯದು ಸಾಕು.

ಜಮಖಂಡಿಯ ಆಶಾ ಕಾರ್ಯಕರ್ತೆ:

ಆ ಕಿಟ್‌ನ ಡಬ್ಬಿ ಮೇಲೆ ತಾರೀಖು ನೋಡು ತಮ್ಮಾ. ನಮ್ಮದು ಅವಧಿ ಮುಗಿದಿತ್ತು, ಹೊಸದು ಕೇಳಿ ತರಿಸಿದೆವು.