ಸುಲ್ಕಾಟಾ ಆಮೆಗೆ ಪೆಲೆಟ್ಟೋ ಸೊಪ್ಪೋ? ಮಳೆ ಹಿಡಿಯುವ ಮೊದಲು ತಿಳಿದವರು ಹೇಳಿ

ನೀರ್ಚಾಲು ತೋಟದಮನೆ:
ಮನೆಯಲ್ಲಿ ಒಂದು ಸುಲ್ಕಾಟಾ (ಆಫ್ರಿಕದ ನೆಲದಾಮೆ) ಉಂಟು. ಒಂದೂವರೆ ವರ್ಷ, ತೂಕ 640 ಗ್ರಾಂ, ಕೇಂದ್ರ ಸರಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಣಿ ಆಗಿದೆ. ಕೊಟ್ಟ ಅಂಗಡಿಯವರು "ಪೆಲೆಟ್ (ಪೊಟ್ಟಣದ ಒಣ ಕಾಳು) ಒಂದೇ ಸಾಕು, ಅದರಲ್ಲಿ ಎಲ್ಲ ಉಂಟು" ಅಂದಿದ್ದರು. ಹಾಗಾಗಿ ದಿನಾ ಒಂದು ಹಿಡಿ, ಒಣಗಿದ್ದನ್ನೇ ಹಾಕುವುದು. ಈಗ ಸೊಪ್ಪು ಇಟ್ಟರೆ ಮೂಸಿಯೂ ನೋಡುವುದಿಲ್ಲ. ಹಿಕ್ಕೆ ಮೆತ್ತಗೆ. ಮೂತ್ರದೊಟ್ಟಿಗೆ ಬರುವ ಬಿಳಿ ಪದಾರ್ಥ ಮುಟ್ಟಿದರೆ ಮರಳಿನ ಹಾಗೆ ಒರಟು. ಮನೆ ಅಡಿಕೆ ತೋಟದ ನಡುವೆ, ಹಾಗಾಗಿ ಸೊಪ್ಪಿಗೆ ಬರ ಇಲ್ಲ. ಪೆಲೆಟ್ ಪೂರ್ತಿ ನಿಲ್ಲಿಸಬೇಕಾ? ಇನ್ನು ಹದಿನೈದು ದಿನದಲ್ಲಿ ಮಳೆ ಶುರುವಾದೀತು.

ಮುಳ್ಳೇರಿಯಾದಿಂದ:
ಪೆಲೆಟ್ಟಾ ಸೊಪ್ಪಾ ಎಂಬುದು ಆಮೇಲೆ. ಮೊದಲು ನೀರು. ಆ ಬಿಳಿ ಪದಾರ್ಥ ಯೂರೇಟ್. ಹಲ್ಲುಜ್ಜುವ ಪೇಸ್ಟಿನ ಹಾಗೆ, ಇಲ್ಲವೇ ಮಜ್ಜಿಗೆಯ ಹಾಗೆ ಇರಬೇಕು. ಮರಳಾಗಿದೆ ಅಂದರೆ ಮೈಯಲ್ಲಿ ನೀರು ಸಾಲದು. ಒಣ ಪೆಲೆಟ್ಟಿನಲ್ಲಿ ನೀರಿನಂಶ ನೂರಕ್ಕೆ ಹತ್ತು-ಹನ್ನೆರಡು, ಸೊಪ್ಪಿನಲ್ಲಿ ಎಂಬತ್ತಕ್ಕಿಂತ ಹೆಚ್ಚು. ದಿನಾ ಒಣಗಿದ್ದನ್ನೇ ತಿಂದ ಆಮೆ ಬಟ್ಟಲಿನ ನೀರು ಕುಡಿದು ಅದನ್ನು ಸರಿದೂಗಿಸುವುದು ಕಡಿಮೆ. ಹೀಗೇ ಬಿಟ್ಟರೆ ಮೂತ್ರಕೋಶದಲ್ಲಿ ಕಲ್ಲಾಗುತ್ತದೆ.

ಇವತ್ತೇ ಶುರು ಮಾಡಿ. ಪ್ಲಾಸ್ಟಿಕ್ ಬೇಸಿನ್ನಿನಲ್ಲಿ ಉಗುರುಬೆಚ್ಚಗಿನ ನೀರು, ಎತ್ತರ ಆಮೆಯ ಗಲ್ಲದವರೆಗೆ ಮಾತ್ರ. 20 ನಿಮಿಷ ಕೂರಿಸಿ. ಎರಡು ವಾರ ದಿನಾ, ಆಮೇಲೆ ವಾರಕ್ಕೆ ಮೂರು ಸಲ. ಬೆಳಿಗ್ಗೆ ಮಾಡಿ, ಸಂಜೆ ಒದ್ದೆ ಮೈಯಲ್ಲಿ ಬಿಟ್ಟರೆ ಶೀತ. ಯೂರೇಟ್ ಮೆತ್ತಗಾಗುವುದಕ್ಕೆ ಮೊದಲು ಒಣ ಪೆಲೆಟ್ ಒಂದು ಕಾಳೂ ಬೇಡ. ಹಿಕ್ಕೆ, ಮೂತ್ರಕ್ಕೆ ತಿಣುಕುವುದು, ಹಿಂಗಾಲು ಎಳೆಯುವುದು ಕಂಡರೆ ಕಾಯಬೇಡಿ, ಎಕ್ಸ್‌ರೇ ಇರುವ ಪಶುವೈದ್ಯರಲ್ಲಿಗೆ ಹೋಗಿ.

ಇನ್ನೊಂದು, ಪೊಟ್ಟಣದ ಹಿಂದೆ ಎಂತ ಬರೆದಿದೆ ನೋಡಿ ಹೇಳಿ. ಇಲ್ಲಿನ ಹೆಚ್ಚಿನ ಅಕ್ವೇರಿಯಂ ಅಂಗಡಿಗಳಲ್ಲಿ "ಆಮೆ ಫುಡ್" ಎಂದು ಕೊಡುವುದು ನೀರಾಮೆಯ ತೇಲುವ ಕಡ್ಡಿ. ಅದರಲ್ಲಿ ಮೀನಿನ ಹುಡಿ, ಪ್ರೋಟೀನ್ 30ರಿಂದ 40 ಶೇಕಡಾ. ಅದು ಕೆಂಪುಕಿವಿಯ ಸ್ಲೈಡರಿಗೆ. ಸುಲ್ಕಾಟಾ ಸಹಾರಾದ ದಕ್ಷಿಣ ಅಂಚಿನ ಒಣ ಹುಲ್ಲುಗಾವಲಿನದ್ದು. ಸೆನೆಗಲ್‌ನಿಂದ ಇಥಿಯೋಪಿಯಾವರೆಗೆ ಅದು ತಿನ್ನುವುದು ಒರಟು ಹುಲ್ಲು. ನೆಲದಾಮೆಯ ಪೆಲೆಟ್ ಬೇರೆಯೇ. ಉದಾಹರಣೆಗೆ ಮಜೂರಿ ಕಂಪೆನಿಯ ಹಳೆಯ ನೆಲದಾಮೆ ಆಹಾರದಲ್ಲಿ ಪ್ರೋಟೀನ್ ಕನಿಷ್ಠ 15, ನಾರು ಗರಿಷ್ಠ 18 ಶೇಕಡಾ. ಅದರದ್ದೇ ಎಲ್‌ಎಸ್ ಎಂಬುದರಲ್ಲಿ ಪಿಷ್ಟ ಕಡಿಮೆ, ನಾರು ಇನ್ನೂ ಹೆಚ್ಚು. ಹುಲ್ಲು ತಿನ್ನುವ ಜಾತಿಗೆ ಎರಡನೆಯದೇ ಸರಿ.

ಪೆರ್ಲ ಹಿತ್ತಿಲು:
ನನ್ನ ಮಾತು ಸ್ವಲ್ಪ ಖಾರ ಆದೀತು. ತೋಟದ ನಡುವೆ ಕೂತು ಕಿಲೋಗಟ್ಟಲೆ ಹಣ ಕೊಟ್ಟು ಪೆಲೆಟ್ ತರಿಸುವುದು ಯಾಕೆ ಮಾರಾಯ್ರೆ? ನೂರರಲ್ಲಿ ಎಪ್ಪತ್ತು ಪಾಲು ಹುಲ್ಲು, ಉಳಿದದ್ದು ಎಲೆ ಮತ್ತು ಹೂ. ಅಷ್ಟೇ.

ಹುಲ್ಲೆಂದರೆ ಗರಿಕೆ, ಎಳೆ ಗಿನಿ ಹುಲ್ಲು. 640 ಗ್ರಾಂ ಮರಿಯ ಬಾಯಿಗೆ ಉದ್ದ ಹುಲ್ಲು ಹರಿಯುವುದಿಲ್ಲ, ಕತ್ತರಿಯಲ್ಲಿ ಒಂದು ಸೆಂಟಿಮೀಟರಿಗೆ ಕತ್ತರಿಸಿ. ಬೈಹುಲ್ಲು ಬೇಡ, ಅದರಲ್ಲಿ ಸಿಲಿಕಾ ಹೆಚ್ಚು, ಸತ್ವ ಇಲ್ಲ. ಎಲೆಗೆ ದಾಸವಾಳ (ಎಲೆ, ಹೂ ಎರಡೂ), ಹಿಪ್ಪುನೇರಳೆ, ಒಂದೆಲಗ. ಪಾಪಸ್ ಕಳ್ಳಿಯ ಹಾಳೆ ಸಿಕ್ಕಿದರೆ ಬಿಡಬೇಡಿ, ಸುಣ್ಣದಂಶ ತುಂಬ. ಮುಳ್ಳನ್ನು ಬೆಂಕಿಯಲ್ಲಿ ಸುಟ್ಟು, ಕೆರೆದು, ತುಂಡು ಮಾಡಿ ಕೊಡಿ. ನುಗ್ಗೆ ಸೊಪ್ಪಿನಲ್ಲಿ ಕ್ಯಾಲ್ಸಿಯಂ ಚೆನ್ನಾಗಿದ್ದರೂ ಹಸಿ ಸೊಪ್ಪಿನಲ್ಲೇ ಪ್ರೋಟೀನ್ 9 ಶೇಕಡಾ ಹತ್ತಿರ, ಹಾಗಾಗಿ ವಾರಕ್ಕೊಂದು ಗರಿ.

ಹರಿವೆ, ಬಸಳೆ, ಪಾಲಕ್ ವಿಷವಲ್ಲ. ಆದರೆ ಅದರಲ್ಲಿರುವ ಆಕ್ಸಲೇಟ್ ಹೊಟ್ಟೆಯೊಳಗೆ ಕ್ಯಾಲ್ಸಿಯಮನ್ನು ಹಿಡಿದುಕೊಂಡು ಹೊರಗೆ ಹೋಗುತ್ತದೆ. ಲೆಕ್ಕದಲ್ಲಿ ಇದ್ದದ್ದು ಚಿಪ್ಪಿಗೆ ಸಿಗುವುದಿಲ್ಲ. ಕ್ಯಾಲ್ಸಿಯಂ ರಂಜಕಕ್ಕಿಂತ ಎರಡು ಪಟ್ಟಾದರೂ ಇರಬೇಕು. ಬಾಳೆಹಣ್ಣು ನೋಡಿ, 100 ಗ್ರಾಮಿನಲ್ಲಿ ಕ್ಯಾಲ್ಸಿಯಂ 5 ಮಿಲಿಗ್ರಾಂ, ರಂಜಕ 22. ಪೂರ್ತಿ ಉಲ್ಟಾ. ಸೌತೆಯೂ 16ಕ್ಕೆ 24. ಹಣ್ಣು ಸುಲ್ಕಾಟಾಕ್ಕೆ ಬೇಡವೇ ಬೇಡ, ಸಕ್ಕರೆಗೆ ಕರುಳಿನ ಜೀವಾಣುಗಳು ಹದಗೆಟ್ಟು ಭೇದಿ ಆಗುತ್ತದೆ.

ಮುಟ್ಟಿಸಬಾರದ್ದು: ಕೆಸುವು, ಕಣಗಿಲೆ, ನಿತ್ಯಪುಷ್ಪ, ಎಕ್ಕ, ಹರಳು, ಉಮ್ಮತ್ತ, ಲಂಟಾನಾ, ನಾಚಿಕೆಮುಳ್ಳು. ಮತ್ತೆ ನಮ್ಮ ಕಾಸರಕ. ಕಾಸರಗೋಡಿಗೆ ಹೆಸರು ಕೊಟ್ಟದ್ದು ಎನ್ನುವ ಮರ, 2023ರಲ್ಲಿ ಜಿಲ್ಲೆಯ ಮರ ಅಂತ ಘೋಷಣೆಯೂ ಆಯಿತು. ಆದರೆ ಸ್ಟ್ರಿಕ್ನಿನ್ ವಿಷ ಅದರದ್ದೇ. ಎಳೆ ಸಸಿ ಹಿತ್ತಿಲಲ್ಲಿ ಎದ್ದಿರುತ್ತದೆ, ಬುಡದಿಂದ ಮೂರು ಅಥವಾ ಐದು ನರ ಹೊರಟ ಹೊಳೆಯುವ ಎಲೆ ಕಂಡರೆ ಕಿತ್ತುಬಿಡಿ.

ಉಪ್ಪಳ ಕಡಲಬದಿ:
ಪೆರ್ಲದ ಅಣ್ಣ ಹೇಳಿದ್ದು ನವೆಂಬರಿನಿಂದ ಮೇವರೆಗೆ ಅಕ್ಷರಶಃ ಸರಿ. ಜೂನಿನಿಂದ ಲೆಕ್ಕ ಬೇರೆ. ಸೊಪ್ಪಿನಲ್ಲಿ ವಿಟಮಿನ್ ಡಿ3 ಇಲ್ಲ, ಆಮೆ ಅದನ್ನು ಬಿಸಿಲಿನ ಯುವಿಬಿಯಿಂದ (ಕಣ್ಣಿಗೆ ಕಾಣದ ನೇರಳಾತೀತ ಕಿರಣ) ತಾನೇ ಮಾಡಿಕೊಳ್ಳಬೇಕು. ಇಲ್ಲಿ ಮಳೆ ಹಿಡಿದರೆ ವಾರಗಟ್ಟಲೆ ಮೋಡ. ಕಿಟಕಿಯ ಗಾಜಿನ ಹಿಂದೆ, ಫೈಬರ್ ಶೀಟಿನ ಅಡಿಯಲ್ಲಿ ಇಟ್ಟು "ಬೆಳಕು ಬೀಳುತ್ತದಲ್ಲ" ಅನ್ನುವವರಿದ್ದಾರೆ. ಯುವಿಬಿ ಅವೆರಡನ್ನೂ ದಾಟುವುದಿಲ್ಲ. ಡಿ3 ಇಲ್ಲದಿದ್ದರೆ ಎಷ್ಟು ಕ್ಯಾಲ್ಸಿಯಂ ಹಾಕಿದರೂ ರಕ್ತಕ್ಕೆ ಏರುವುದಿಲ್ಲ, ಚಿಪ್ಪು ಒತ್ತಿದರೆ ಬಗ್ಗುತ್ತದೆ.

ಹಾಗಾಗಿ ಪೆಲೆಟ್ಟನ್ನು ನಿಲ್ಲಿಸಬೇಡಿ, ಮಳೆಗಾಲದ ಊರುಗೋಲಾಗಿ ಇಟ್ಟುಕೊಳ್ಳಿ. ಒಂದು ಸಲಕ್ಕೆ ಮೈತೂಕದ ನೂರಕ್ಕೆ ಒಂದು ಪಾಲು, ಒಣ ತೂಕ. ನಿಮ್ಮದಕ್ಕೆ 6 ಗ್ರಾಂ. ಮಳೆಗಾಲದಲ್ಲಿ ವಾರಕ್ಕೆ ಎರಡು ಸಲ, ಬೇಸಗೆಯಲ್ಲಿ ಒಂದು ಸಲ ಅಥವಾ ಸೊನ್ನೆ. ಅಂದಾಜು ಬೇಡ, ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ. ಒಂದು ಹಿಡಿ ಅಂದರೆ 40 ಗ್ರಾಂ ದಾಟುತ್ತದೆ, ನೀವು ಆರೇಳು ಪಟ್ಟು ಹಾಕುತ್ತಿದ್ದೀರಿ, ಅದೂ ದಿನಾ.

ನೆನೆಸುವ ಕ್ರಮ: ಒಂದು ಪಾಲು ಪೆಲೆಟ್ಟಿಗೆ ಒಂದೂವರೆ ಪಾಲು ನೀರು, 10 ನಿಮಿಷ. ಬೆರಳಲ್ಲಿ ಹಿಚುಕಿದರೆ ನಡುವಿನ ಗಟ್ಟಿ ಇಲ್ಲದೆ ಉದುರಬೇಕು, ತಳದಲ್ಲಿ ನೀರು ನಿಲ್ಲಬಾರದು. ಎರಡು ಗಂಟೆಯಲ್ಲಿ ತಿನ್ನದೆ ಉಳಿದದ್ದನ್ನು ಎಸೆಯಿರಿ. ನಮ್ಮ ಸೆಕೆಗೆ ರಾತ್ರಿ ಬಿಟ್ಟರೆ ಬೆಳಿಗ್ಗೆ ಹುಳಿ ವಾಸನೆ, ಇರುವೆ. ಪೆಲೆಟ್ ತಿಂದ ಆಮೆಯನ್ನು ತಣ್ಣಗೆ ಇಡಲೂ ಬಾರದು. ಬಿಸಿ ದೀಪದ ಅಡಿ 35 ಡಿಗ್ರಿ ಬೇಕು, ಇಲ್ಲವಾದರೆ ಕರುಳು ನಿಧಾನವಾಗಿ ಒಳಗೇ ಹುಳಿಯುತ್ತದೆ.

ಚಿಲ್ಲರೆಯಾಗಿ ತೂಗಿ ಕೊಡುವ ಪೆಲೆಟ್ ಮಳೆಗಾಲದಲ್ಲಿ ತರಲೇ ಬೇಡಿ. ಶಿಲೀಂಧ್ರ ಕಣ್ಣಿಗೆ ಕಾಣುವ ಮೊದಲೇ ವಿಷ ಬಿಟ್ಟಿರುತ್ತದೆ. ಮೊಹರು ಇದ್ದ ಸಣ್ಣ ಪೊಟ್ಟಣ ತನ್ನಿ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿಗೆ ಹಾಕಿ, ತೆರೆದ ತಾರೀಕು ಬರೆಯಿರಿ, ಮೂರು ತಿಂಗಳಲ್ಲಿ ಮುಗಿಸಿ. ಪೆಲೆಟ್ಟಿನಲ್ಲೇ ಡಿ3 ಇರುವುದರಿಂದ ಡಿ3 ಸೇರಿದ ಕ್ಯಾಲ್ಸಿಯಂ ಹುಡಿಯನ್ನು ಅದರ ಮೇಲೆ ಉದುರಿಸಬೇಡಿ. ಅದು ಹೆಚ್ಚಾದರೂ ತೊಂದರೆ, ಮೂತ್ರಪಿಂಡದಲ್ಲಿ ಸುಣ್ಣ ಕಟ್ಟುತ್ತದೆ.

ಬದಿಯಡ್ಕ ಅಡಿಕೆ:
"ತೋಟದ ನಡುವೆ, ಸೊಪ್ಪಿಗೆ ಬರ ಇಲ್ಲ" ಎಂಬ ಮಾತಿಗೇ ನನಗೆ ಹೆದರಿಕೆ. ಹದಿನೈದು ದಿನದಲ್ಲಿ ಮಳೆ ಅಂದರೆ ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವ ಹೊತ್ತೂ ಅದೇ. ಬೋರ್ಡೋ ಅಂದರೆ 100 ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), ಒಂದು ಕಿಲೋ ಸುಣ್ಣ. ಅದನ್ನು ಮಾಡುವುದೇ ಮಳೆಗೆ ತೊಳೆದು ಹೋಗದ ಹಾಗೆ ಅಂಟಿಕೊಳ್ಳಲಿಕ್ಕೆ. ಮರದ ತುದಿಗೆ ಬಿಟ್ಟದ್ದರಲ್ಲಿ ಎಷ್ಟೋ ಕೆಳಗಿನ ಗರಿಕೆ, ಒಂದೆಲಗದ ಮೇಲೇ ಬೀಳುವುದು. ನೀಲಿ ಕಲೆ ಕಂಡ ಸೊಪ್ಪು ಮಾತ್ರ ಬೇಡ ಎಂದಲ್ಲ, ಕಲೆ ಕಾಣದಿದ್ದರೂ ಮದ್ದು ಉಂಟು. ನಳ್ಳಿ ನೀರಲ್ಲಿ ತೊಳೆದರೆ ಹೋಗುವುದಿಲ್ಲ. ತಾಮ್ರ ಪಿತ್ತಜನಕಾಂಗ, ಮೂತ್ರಪಿಂಡ ಎರಡಕ್ಕೂ ಕೆಟ್ಟದ್ದು. 40-45 ದಿನಕ್ಕೆ ಎರಡನೇ ಮದ್ದು ಇರುವುದರಿಂದ ಜೂನಿನಿಂದ ಅಕ್ಟೋಬರ್ ತನಕ ಅಡಿಕೆಮರದ ಅಡಿಯ ಒಂದು ಎಲೆಯೂ ಬೇಡ. ಬಸವನಹುಳಕ್ಕೆ ಮದ್ದಿನ ಗುಳಿಗೆ ಹಾಕಿದ ಜಾಗದ್ದೂ ಬೇಡ, ಅದು ಆಮೆ ತಿಂದರೆ ಸಾವೇ.

ದಾರಿ ಎಂತ ಅಂದರೆ ಈಗಲೇ ಒಣಗಿಸಿ ಇಡುವುದು. ಮದ್ದು ಬಿಡುವ ಮೊದಲು ದಾಸವಾಳದ ಎಲೆ, ಹಿಪ್ಪುನೇರಳೆ, ಗರಿಕೆ ಕೊಯ್ದು ನೆರಳಲ್ಲಿ ಹರಡಿ. ಮೂರು ದಿನ, ದಿನಕ್ಕೆರಡು ಸಲ ಮಗುಚಿ. ಅಡಿಕೆ ಒಣಗಿಸುವ ಪ್ಲಾಸ್ಟಿಕ್ ಗೂಡು ಇದ್ದರೆ ಒಂದೂವರೆ ದಿನ ಸಾಕು, ಆದರೆ ಹಸಿರು ಸುಟ್ಟು ಕಂದಾಗಬಾರದು. ಮುಷ್ಟಿಯಲ್ಲಿ ಹಿಡಿದರೆ ಹುಡಿಯಾಗಬೇಕು, ದಂಟು ಟಪ್ಪೆಂದು ಮುರಿಯಬೇಕು. ದಂಟು ಬಗ್ಗಿದರೆ ಡಬ್ಬಿಯೊಳಗೆ ಬೂಸ್ಟು ಖಂಡಿತ. ಒಂದು ಕಿಲೋ ಹಸಿ ಎಲೆ ಸುಮಾರು ಕಾಲು ಕಿಲೋ ಆದೀತು. ಕೊಡುವಾಗ ನೀರು ಚಿಮುಕಿಸಿ ಐದು ನಿಮಿಷ ಬಿಡಿ. ತಾಜಾ ಬೇಕಾದರೆ ಹತ್ತು ಚಟ್ಟಿ ದಾಸವಾಳ, ಎರಡು ತಟ್ಟೆ ಗರಿಕೆ ಮನೆಯ ಮಾಡಿನಡಿ ಇಡಿ. ಮದ್ದಿನ ದಿನ ಅದರ ಮೇಲೊಂದು ಗೋಣಿ ಮುಚ್ಚಿದರೆ ಆಯಿತು.

ನೀರ್ಚಾಲು ತೋಟದಮನೆ:
ಪೊಟ್ಟಣ ನೋಡಿದೆ, ನೆಲದಾಮೆಯದ್ದೇ, ಪ್ರೋಟೀನ್ 15. ಬಚಾವ್. ನಮ್ಮಲ್ಲಿ ಮದ್ದು ಮುಂದಿನ ವಾರ, ದಾಸವಾಳ ನಾಳೆಯೇ ಕೊಯ್ಯುತ್ತೇವೆ. ಆದರೆ ತಿನ್ನದ್ದನ್ನು ತಿನ್ನಿಸುವುದು ಹೇಗೆ? ಬೆನ್ನ ಮೇಲಿನ ಚಿಪ್ಪು ಸಣ್ಣ ಸಣ್ಣ ಗೋಪುರದ ಹಾಗೆ ಏಳುತ್ತಿದೆ, ಅದೂ ಪೆಲೆಟ್ಟಿನ ಪ್ರೋಟೀನಿನಿಂದಲಾ?

ಮುಳ್ಳೇರಿಯಾದಿಂದ:
ಉಪವಾಸ ಕೆಡವಿ ದಾರಿಗೆ ತರಲಿಕ್ಕೆ ಹೋಗಬೇಡಿ. ಪೆಲೆಟ್ ಅಭ್ಯಾಸವಾದ ಬಾಯಿಗೆ ಸೊಪ್ಪು ಸಪ್ಪೆ. ಮೊದಲ ವಾರ ನೆನೆಸಿದ ಪೆಲೆಟ್ ಹಿಚುಕಿ, ಅದರಲ್ಲಿ ಕಾಲು ಪಾಲು ತೀರಾ ಸಣ್ಣಗೆ ಕೊಚ್ಚಿದ ದಾಸವಾಳದ ಎಲೆ ಕಲಸಿ. ಎಲೆ ಆರಿಸಿ ಬಿಡಲಿಕ್ಕೆ ಆಗದಷ್ಟು ಸಣ್ಣ ಇರಬೇಕು, ಕೆಲಸ ಮಾಡುವುದು ಅದೇ. ಎರಡನೇ ವಾರ ಅರ್ಧರ್ಧ, ಮೂರನೇ ವಾರ ಮುಕ್ಕಾಲು ಎಲೆ, ತುಂಡು ಸ್ವಲ್ಪ ದೊಡ್ಡದು. ನಾಲ್ಕನೇ ವಾರ ಇಡೀ ಎಲೆಯ ಮೇಲೆ ಪೆಲೆಟ್ಟಿನ ನೀರು ಮಾತ್ರ ಸವರಿ. ಕೆಂಪು ದಾಸವಾಳದ ಹೂವನ್ನು ಮೇಲಿಡಿ, ಕೆಂಪು ಕಂಡರೆ ಮುಂದೆ ಬರುತ್ತವೆ. ಬೆಳಿಗ್ಗೆ ಸ್ನಾನ ಮಾಡಿಸಿ, ಬಿಸಿ ದೀಪದಡಿ ಒಂದು ಗಂಟೆ ಕಾಯಿಸಿ, ಆಮೇಲೆ ಇಡಿ. ತಣ್ಣಗಿನ ಆಮೆಗೆ ಹಸಿವಿಲ್ಲ. ಪ್ರತಿ ಭಾನುವಾರ ತೂಗಿ, 30 ಗ್ರಾಮಿಗಿಂತ ಹೆಚ್ಚು ಇಳಿದರೆ ಒಂದು ಹೆಜ್ಜೆ ಹಿಂದೆ ಹೋಗಿ.

ಉಪ್ಪಳ ಕಡಲಬದಿ:
ಗೋಪುರದ ಬಗ್ಗೆ: ಪ್ರೋಟೀನೇ ಕಾರಣ ಎಂದು ಬಹಳ ಕಾಲ ನಂಬಿದ್ದರು. 2003ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಸುಲ್ಕಾಟಾ ಮರಿಗಳನ್ನೇ ಬೇರೆ ಬೇರೆ ಪ್ರೋಟೀನ್, ಬೇರೆ ಬೇರೆ ತೇವಾಂಶದಲ್ಲಿ ಸಾಕಿ ನೋಡಿದರು. ಒಣ ಗಾಳಿಯಲ್ಲಿ ಬೆಳೆದವಕ್ಕೆ ಗೋಪುರ ಎದ್ದಿತು, ಪ್ರೋಟೀನಿನ ಪಾತ್ರ ಸಣ್ಣದು. ಊರಿನ ಗಾಳಿಯೇ ಒದ್ದೆಯಲ್ಲ ಅನ್ನಬೇಡಿ. ಬಿಸಿ ದೀಪದಡಿ ಪೆಟ್ಟಿಗೆಯೊಳಗೆ ತೇವಾಂಶ 40ಕ್ಕೆ ಇಳಿದಿರುತ್ತದೆ. ನೂರಿನ್ನೂರು ರೂಪಾಯಿಯ ತೇವಮಾಪಕ ಆಮೆಯ ಎತ್ತರದಲ್ಲಿ ಇಟ್ಟು ನೋಡಿ, 70ಕ್ಕಿಂತ ಕೆಳಗಿದ್ದರೆ ಅಡಗುವ ಮೂಲೆಯಲ್ಲಿ ತೆಂಗಿನ ನಾರಿನ ಹುಡಿ ಒದ್ದೆ ಮಾಡಿ ಹಾಕಿ. ಎದ್ದ ಗೋಪುರ ಇಳಿಯುವುದಿಲ್ಲ, ಹೊಸ ಬೆಳವಣಿಗೆ ನಯವಾದೀತು.

ಪೆರ್ಲ ಹಿತ್ತಿಲು:
ಮಳೆಗಾಲದ ಪೆಲೆಟ್ಟಿನ ಮಾತು ಒಪ್ಪಿದೆ. ವಾರಕ್ಕೆ ಎರಡು, ಮೂರಲ್ಲ. ಇನ್ನು ಅನಂತಪುರ ದೇವಸ್ಥಾನದ ಕೆರೆಯ ಬಬಿಯಾ ಮೊಸಳೆ ನೈವೇದ್ಯದ ಅನ್ನ ತಿಂದೇ ಬದುಕಿತ್ತಲ್ಲ ಎಂದು ಆಮೆಗೆ ಅನ್ನ, ದೋಸೆ, ಚಪಾತಿ ಹಾಕುವವರಿದ್ದಾರೆ. ಪಿಷ್ಟ ಅದರ ಕರುಳಿಗೆ ಆಗುವುದಿಲ್ಲ.

ಕುಂಬಳೆಯಿಂದ:
ಒಂದು ಸೇರಿಸುತ್ತೇನೆ. ಹಿಕ್ಕೆ ಮೆತ್ತಗೆ ಅಂದರೆ ಹುಳದ ಮದ್ದು ಎಂದು ದನಕ್ಕೆ ಕೊಡುವ ಐವರ್ಮೆಕ್ಟಿನ್ ಯಾರಾದರೂ ಸೂಚಿಸಿದರೆ ಬೇಡ ಅನ್ನಿ. ಆಮೆಗೆ ಅದು ಪ್ರಾಣಾಂತಿಕ. ಹಿಕ್ಕೆ ಪರೀಕ್ಷೆ ಮಾಡಿಸಿ, ಹುಳ ಇದ್ದರೆ ಫೆನ್‌ಬೆಂಡಜೋಲ್ ವೈದ್ಯರ ಅಳತೆಯಲ್ಲಿ.

ಬಾಯಾರು ಗುಡ್ಡೆ:
ನಮ್ಮ ಗುಡ್ಡೆಯಲ್ಲಿ ಸಿಕ್ಕಿದ ಕಾಡಾಮೆ ಒಂದು ಉಂಟು. ಅದಕ್ಕೂ ಇದೇ ಪಟ್ಟಿಯಾ?

ಮುಳ್ಳೇರಿಯಾದಿಂದ:
ಅದಕ್ಕೆ ಪಟ್ಟಿಯೇ ಇಲ್ಲ, ಮನೆಯಲ್ಲಿ ಇಡುವುದೇ ಅಪರಾಧ. ಇಲ್ಲಿನ ಕಾಡಿನ ಆಮೆಗಳಿಗೂ ನಕ್ಷತ್ರ ಆಮೆಗೂ ವನ್ಯಜೀವಿ ಕಾಯ್ದೆಯ ರಕ್ಷಣೆ ಉಂಟು. 2024ರ ನಿಯಮದ ಪರಿವೇಶ್ ನೋಂದಣಿ ಸುಲ್ಕಾಟಾದಂಥ ಹೊರದೇಶದ ಜಾತಿಗಳಿಗೆ ಮಾತ್ರ. ಅರಣ್ಯ ಇಲಾಖೆಗೆ ಫೋನ್ ಮಾಡಿ ಒಪ್ಪಿಸಿ, ಅಲ್ಲಿಯ ತನಕ ಏನೂ ತಿನ್ನಿಸಬೇಡಿ.

ಉಪ್ಪಳ ಕಡಲಬದಿ:
ನೀರ್ಚಾಲಿನವರಿಗೆ ಕ್ಯಾಲ್ಸಿಯಮಿನ ಬಗ್ಗೆ ಬಿಟ್ಟುಹೋಯಿತು. ವೀಳ್ಯದೆಲೆಗೆ ಹಚ್ಚುವ ಸುಣ್ಣ ಬೇಡ, ಬಾಯಿ ಸುಡುತ್ತದೆ. ಸಮುದ್ರನೊರೆ (ಕಟಲ್ ಫಿಶ್ ಎಂಬ ಕಡಲ ಜೀವಿಯ ಒಳಚಿಪ್ಪು), ಮಲಯಾಳದಲ್ಲಿ ಕಡಲ್‌ನಾಕ್ ಅನ್ನುವುದು, ಕಡಲ ಬದಿಯಲ್ಲಿ ಪುಕ್ಕಟೆ ಸಿಗುತ್ತದೆ. ಸಿಹಿನೀರಲ್ಲಿ ಮೂರು ದಿನ ನೆನೆಸಿ, ದಿನಾ ನೀರು ಬದಲಿಸಿ ಉಪ್ಪು ತೆಗೆದು ಒಣಗಿಸಿ. ಗಟ್ಟಿ ಬೆನ್ನು ಎಬ್ಬಿಸಿ ತೆಗೆದು, ಮೆತ್ತಗಿನ ಬದಿ ಮೇಲೆ ಬರುವ ಹಾಗೆ ಗೂಡಲ್ಲಿ ಇಟ್ಟರೆ ಬೇಕಾದಾಗ ಅದೇ ಕಚ್ಚಿಕೊಳ್ಳುತ್ತದೆ. ಕಚ್ಚದಿದ್ದರೆ ಚೂರಿಯಲ್ಲಿ ಕೆರೆದು, ಎರಡು ಬೆರಳಿಗೆ ಹಿಡಿಯುವಷ್ಟು ಹುಡಿಯನ್ನು ಪೆಲೆಟ್ ಇಲ್ಲದ ದಿನ ಸೊಪ್ಪಿನ ಮೇಲೆ, ವಾರಕ್ಕೆ ಮೂರು ಸಲ.