ಸಹಾಯ ಬೇಕು: ಐಬಿ ಡಿಪ್ಲೊಮಾ ಓದಿಸಿದ ಪೋಷಕರಲ್ಲಿ ವಿನಂತಿ
ನಮಸ್ಕಾರ. ಮಗಳನ್ನು ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲೋರಿಯೆಟ್) ಡಿಪ್ಲೊಮಾಕ್ಕೆ, ಅಂದರೆ ಪಿಯುಸಿ ಹಂತದ ಅಂತರರಾಷ್ಟ್ರೀಯ ಕೋರ್ಸಿಗೆ, ಸೇರಿಸಲೆಂದು ಖಾಸಗಿ ಅಂತರರಾಷ್ಟ್ರೀಯ ಶಾಲೆಯೊಂದನ್ನು ನೋಡಿ ಬಂದೆವು. ಈಜುಕೊಳ, ರಂಗಮಂದಿರ, ರೋಬಾಟಿಕ್ಸ್ ಕೊಠಡಿ ಎಲ್ಲವನ್ನೂ ಉತ್ಸಾಹದಿಂದ ತೋರಿಸಿದರು. ನನ್ನ ಚಿಂತೆ ಬೇರೆಯದು. ಎರಡು ವರ್ಷಗಳಲ್ಲಿ ಆರು ವಿಷಯಗಳು, ಜೊತೆಗೆ 4,000 ಪದಗಳವರೆಗಿನ ಸಂಶೋಧನಾ ಪ್ರಬಂಧ, ಸೇವಾ ಚಟುವಟಿಕೆಗಳು ಬೇರೆ. ಇಷ್ಟನ್ನು ಹೊರುವ ಮಗುವಿಗೆ ಕೈಹಿಡಿದು ನಡೆಸುವ ಶಿಕ್ಷಕರು ಬೇಕು, ಸಂಜೆಯವರೆಗೂ ತೆರೆದಿರುವ ಗ್ರಂಥಾಲಯ ಬೇಕು. ಈಜುಕೊಳ ಆಮೇಲೆ.

ಅವಳದು ಮಾತು ಕಡಿಮೆ, ಕಷ್ಟವಾದರೂ ಹೇಳಿಕೊಳ್ಳುವವಳಲ್ಲ. ಅನುಭವವಿರುವವರು ದಯವಿಟ್ಟು ತಿಳಿಸಿ: ಪ್ರಬಂಧಕ್ಕೆ ಮಾರ್ಗದರ್ಶಕರು ನಿಜವಾಗಿ ಎಷ್ಟು ಸಮಯ ಕೊಡುತ್ತಾರೆ? ಆರರಲ್ಲಿ ಹೆಚ್ಚು ಆಳವಾಗಿ ಓದುವ, ಉನ್ನತ ಮಟ್ಟದ ಮೂರು ವಿಷಯಗಳನ್ನು ಆರಿಸುವಾಗ ಯಾರ ಸಲಹೆ ಪಡೆದಿರಿ? ಶಾಲೆಯ ಆಪ್ತ ಸಮಾಲೋಚಕರ ಬಳಿಗೆ ಮಕ್ಕಳು ತಾವಾಗಿಯೇ ಹೋಗುತ್ತಾರೆಯೇ? ಮುಂದಿನ ವಾರವೇ ತೀರ್ಮಾನಿಸಬೇಕಿದೆ.